2009ರ ಸ್ಕೂಟರ್ ಕೊಟ್ಟಿಗೆ ಸೇರಿತು, ಈಗಿನದನ್ನು ಹೇಗೆ ನಂಬುವುದು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ತಿಪಟೂರು ಕಡೆಯ ಹಳ್ಳಿ, ತೆಂಗಿನ ತೋಟ ಇದೆ. 2009ರಲ್ಲಿ 34 ಸಾವಿರ ಕೊಟ್ಟು ಒಂದು ಕರೆಂಟ್ ಸ್ಕೂಟರ್ ತಂದಿದ್ದೆ. ‘ಒಂದು ಚಾರ್ಜಿಗೆ 60 ಕಿಲೋಮೀಟರ್, ಇದೇ ಮುಂದಿನ ಕಾಲದ ಗಾಡಿ’ ಅಂದಿದ್ದರು. ಮೊದಮೊದಲು 40 ಓಡಿತು. 14 ತಿಂಗಳಿಗೆ 12ಕ್ಕೆ ಇಳಿಯಿತು. ನಾಲ್ಕೂ ಬ್ಯಾಟರಿ ಬದಲಿಸಿದೆ. ಅವೂ ಒಂದೂವರೆ ವರ್ಷಕ್ಕೆ ಹೋದವು. ಅಷ್ಟರಲ್ಲಿ ಮಾರಿದ ಅಂಗಡಿಯೇ ಮುಚ್ಚಿತ್ತು. ಗಾಡಿ ಈಗಲೂ ಕೊಟ್ಟಿಗೆಯಲ್ಲಿದೆ, ಸೀಟಿನ ಮೇಲೆ ಕೋಳಿ ಕೂರುತ್ತವೆ. ಈಗ ಮಗಳು 22 ಕಿಲೋಮೀಟರ್ ದೂರದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಸ್ಸಿನ ಸಮಯ ಹೊಂದುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರೇ ಬೇಕು ಅಂತಾಳೆ. ಪಕ್ಕದ ಮನೆಯವರು ಬೆಂಕಿ ಹತ್ತುತ್ತೆ, ಮಳೆಯಲ್ಲಿ ಶಾಕ್ ಹೊಡೆಯುತ್ತೆ, ಬ್ಯಾಟರಿ ಹೋದರೆ ಗಾಡಿಯ ಅರ್ಧ ಬೆಲೆ ಅಂತಾರೆ. ಬೆಂಗಳೂರಲ್ಲಿರುವ ಮಗ ‘ಎರಡು ವರ್ಷ ತಡೀರಿ, ಹೊಸ ಬ್ಯಾಟರಿ ಬರುತ್ತೆ’ ಅಂತಾನೆ. ಹಳೆಯ ಗಾಡಿಗೇ ಲಿಥಿಯಂ ಬ್ಯಾಟರಿ ಹಾಕಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಆಗಲೂ ಮುಂದಿನ ಕಾಲದ ಗಾಡಿ ಅಂದರು, ಈಗಲೂ ಅದನ್ನೇ ಹೇಳುತ್ತಾರೆ. ನಡುವೆ ಬದಲಾಗಿದ್ದಾದರೂ ಏನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟ ಕಾಣುತ್ತಿವೆ. ಒಮ್ಮೆ ದುಡ್ಡು ಕಳೆದುಕೊಂಡದ್ದು ಒಂದು. ಬೇಡ ಅಂದರೆ ಮಗಳ ಕೆಲಸಕ್ಕೆ ತೊಂದರೆ, ಹೂಂ ಅಂದರೆ ಮತ್ತೆ ಅದೇ ಕಥೆಯಾದರೆ ಅನ್ನುವ ಭಯ ಇನ್ನೊಂದು. ನಾನು 20 ವರ್ಷಕ್ಕೂ ಹೆಚ್ಚು ಕಾಲದಿಂದ ಬ್ಯಾಟರಿ ಗಾಡಿಗಳ ರಿಪೇರಿಯಲ್ಲಿದ್ದೇನೆ. 2008ರಿಂದ 2012ರವರೆಗೆ ನನ್ನ ಶೆಡ್ಡಿಗೆ ಬಂದ ಸ್ಕೂಟರುಗಳಲ್ಲಿ ಬಹುಪಾಲು ನಿಮ್ಮದರಂಥವೇ. ಅವನ್ನು ತಳ್ಳಿಕೊಂಡು ಬಂದವರಿಗೆ ‘ಇದಕ್ಕೆ ನಾನು ಏನೂ ಮಾಡಲಾರೆ’ ಅಂತ ಹೇಳಿ ಕಳಿಸುವುದು ಕಷ್ಟವಾಗುತ್ತಿತ್ತು. ಅದಕ್ಕೇ ಮೊದಲು ನಿಮ್ಮ ಹಳೆ ಗಾಡಿಗೆ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ಹೊಸದನ್ನು ಹೇಗೆ ನೋಡಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ನಿಮ್ಮ ಸ್ಕೂಟರಿನಲ್ಲಿ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಆ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ 20 ಆಂಪಿಯರ್-ಅವರ್‌ನವು. ನಾಲ್ಕೂ ಸೇರಿ 27–28 ಕಿಲೋ ತೂಕ. ಅಷ್ಟು ಹೊತ್ತು ಅವು ಹಿಡಿದಿಡುತ್ತಿದ್ದದ್ದು ಒಂದು ಯೂನಿಟ್ ಕರೆಂಟ್, ಅದೂ ಕಾಗದದ ಮೇಲೆ. ಸೀಸದ ಬ್ಯಾಟರಿಗೆ ಒಂದು ಗುಣ ಇದೆ. ಅರ್ಧ ಖಾಲಿಯಾಗುವಷ್ಟರಲ್ಲಿ ಮತ್ತೆ ತುಂಬಿಸಿದರೆ ಬಹಳ ದಿನ ಬಾಳುತ್ತದೆ. ದಿನಾ ತಳ ಕಾಣುವವರೆಗೆ ಬಳಸಿದರೆ ಸುಮಾರು 300 ಸಲಕ್ಕೆ ಸುಸ್ತಾಗುತ್ತದೆ. ತಿಂಗಳಿಗೆ 20–25 ದಿನ ಓಡಿಸಿದರೆ 300 ಸಲ ಅಂದರೆ ಒಂದು ವರ್ಷ ಚಿಲ್ಲರೆ. ನಿಮ್ಮ 14 ತಿಂಗಳ ಲೆಕ್ಕ ಅಲ್ಲೇ ಇದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೀಸದ ಬ್ಯಾಟರಿಯನ್ನು ಅರೆಬರೆ ತುಂಬಿ ಬಿಟ್ಟರೆ ಒಳಗಿನ ತಗಡಿನ ಮೇಲೆ ಬೆಳ್ಳಗೆ ಒಂದು ಪದರ ಕೂರುತ್ತದೆ. ನಾನು ಎಷ್ಟೋ ಬ್ಯಾಟರಿ ಕತ್ತರಿಸಿ ನೋಡಿದ್ದೇನೆ. ಸುಣ್ಣ ಬಳಿದ ಹಾಗೆ ಕಾಣುತ್ತದೆ, ಉಗುರಲ್ಲಿ ಕೆರೆದರೆ ಹರಳು ಹರಳಾಗಿ ಸಿಗುತ್ತದೆ. ಅದು ಒಮ್ಮೆ ಗಟ್ಟಿಯಾಯಿತು ಅಂದರೆ ಅಷ್ಟು ಜಾಗ ಸತ್ತ ಹಾಗೆ. ನಾಲ್ಕರಲ್ಲಿ ಒಂದು ಬ್ಯಾಟರಿ ಹೀಗಾದರೂ ಸಾಕು, ಉಳಿದ ಮೂರನ್ನೂ ಅದು ಎಳೆದುಕೊಂಡು ಹೋಗುತ್ತದೆ.

ಅರೆಬರೆ ಯಾಕೆ ತುಂಬುತ್ತಿತ್ತು? ಆಗ ನಿಮ್ಮೂರಲ್ಲಿ ಕರೆಂಟ್ ಹೇಗಿತ್ತು, ಒಮ್ಮೆ ನೆನಪಿಸಿಕೊಳ್ಳಿ. ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಲೈನ್. ಹಗಲು ಕೆಲವು ಗಂಟೆ ತ್ರೀ ಫೇಸ್, ರಾತ್ರಿ ಸಿಂಗಲ್ ಫೇಸ್, ನಡುನಡುವೆ ಏನೂ ಇಲ್ಲ. ಸಿಂಗಲ್ ಫೇಸ್ ಇದ್ದಾಗಲೂ ತೋಟದಲ್ಲಿ ಕನ್ವರ್ಟರ್ ಹಾಕಿ ಮೋಟರ್ ಓಡಿಸುತ್ತಿದ್ದರು. ಬೆಳೆ ಒಣಗುತ್ತಿರುವಾಗ ರೈತ ಇನ್ನೇನು ಮಾಡಬೇಕು, ಅಲ್ವಾ? ಆದರೆ ಮನೆಯ ಸಾಕೆಟ್ಟಿನಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಅಂಥ ಒಂದು ಮನೆಯಲ್ಲಿ ರಾತ್ರಿ ಎಂಟಕ್ಕೆ ಮೀಟರ್ ಇಟ್ಟು ನೋಡಿದ್ದೆ, 150 ವೋಲ್ಟ್ ತೋರಿಸಿತು. ಬಲ್ಬಿನ ತಂತಿ ಕೆಂಪಗೆ ಮಿಣುಕುತ್ತಿತ್ತು. ಚಾರ್ಜರಿನ ದೀಪ ಉರಿಯುತ್ತಿತ್ತು, ಆದರೆ ಬ್ಯಾಟರಿಗೆ ಹೋಗಬೇಕಾದಷ್ಟು ಹೋಗುತ್ತಿರಲಿಲ್ಲ. ಎಂಟು ಗಂಟೆ ಬಿಡದೆ ಕರೆಂಟ್ ಬೇಕಿದ್ದ ಬ್ಯಾಟರಿಗೆ ಮೂರು ಗಂಟೆಯ ತೆಳು ಕರೆಂಟ್ ಸಿಕ್ಕಿತು. ನೀವು ಬೆಳಿಗ್ಗೆ ಎದ್ದು ತುಂಬಿದೆ ಅಂದುಕೊಂಡು ಓಡಿಸಿದಿರಿ.

ಅದರ ಮೇಲೆ 250 ವ್ಯಾಟಿನೊಳಗಿನ ಮೋಟರ್. ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ ಅಂತ ಮಾರಿದ ಗಾಡಿಗಳೆಲ್ಲ ಗಂಟೆಗೆ 25 ಕಿಲೋಮೀಟರ್ ಮೀರದ ಈ ವರ್ಗದವು. ಸಮತಟ್ಟಾದ ಊರಿನ ರಸ್ತೆಯಲ್ಲಿ ಒಬ್ಬರು ಹೋಗಲು ಮಾಡಿದ್ದು. ಇಬ್ಬರು ಕೂತು, ಮುಂದೆ ಒಂದು ಚೀಲ ಇಟ್ಟು ಏರು ಹತ್ತಿಸಿದರೆ ಬ್ಯಾಟರಿಯಿಂದ ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದೂ ಆಯುಸ್ಸು ತಿನ್ನುತ್ತದೆ. ಕೆಟ್ಟರೆ ನೋಡಲು ಊರಿನಲ್ಲಿ ಯಾರೂ ಇಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವ ಹುಡುಗ ಪ್ರತಿ ಸರ್ಕಲ್ಲಿನಲ್ಲೂ ಇದ್ದ, ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಬೋರ್ಡ್ ಮುಟ್ಟುವವನು ತಾಲ್ಲೂಕಿಗೇ ಇರಲಿಲ್ಲ.

60 ಕಿಲೋಮೀಟರ್ ಅಂತ ಹೇಳಿ ಮಾರಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ನಿಜವನ್ನೇ ಹೇಳಿ, ಇನ್ನೂ ಒಳ್ಳೆಯ ಗಾಡಿಯನ್ನೇ ಕೊಟ್ಟಿದ್ದರೂ ಆ ಸಾಕೆಟ್ಟು, ಆ ರಸ್ತೆ, ಆ ಮೆಕ್ಯಾನಿಕ್ ಇಲ್ಲದ ಊರಿನಲ್ಲಿ ಅದು ಬಾಳುವುದು ಕಷ್ಟವಿತ್ತು. ಗಾಡಿ ಬರುವಷ್ಟರಲ್ಲಿ ಅದಕ್ಕೆ ಬೇಕಾದ ಊರು ಇನ್ನೂ ಬಂದಿರಲಿಲ್ಲ.

ಇದು ನಿಮಗೊಬ್ಬರಿಗೆ ಆದದ್ದಲ್ಲ, ಮೊದಲ ಸಲವೂ ಅಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ಸುಮಾರು 4,200. ಅವುಗಳಲ್ಲಿ 1,575 ಬ್ಯಾಟರಿಯವು, 936 ಮಾತ್ರ ಪೆಟ್ರೋಲಿನವು. ಉಳಿದವು ಉಗಿಯ ಕಾರುಗಳು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಕೂಡ ಬ್ಯಾಟರಿಯದ್ದೇ. 1899ರಲ್ಲಿ ಪ್ಯಾರಿಸ್ ಹತ್ತಿರ ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಂನವರು ಅದನ್ನು ಓಡಿಸಿದರು. ಇಷ್ಟು ಮುಂದಿದ್ದದ್ದು 20 ವರ್ಷದಲ್ಲಿ ಯಾಕೆ ಮೂಲೆ ಸೇರಿತು? ಪಟ್ಟಣದ ಹೊರಗೆ ಕರೆಂಟ್ ಇರಲಿಲ್ಲ. ನಮ್ಮಲ್ಲೇ ನೋಡಿ, ಶಿವನಸಮುದ್ರದ ಕರೆಂಟ್ 1902ರಲ್ಲಿ ಹುಟ್ಟಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿಗೆ ದೀಪ ಬಂತು. ದಾರಿಯಲ್ಲಿದ್ದ ಹಳ್ಳಿಗಳು ದಶಕಗಟ್ಟಲೆ ಕಾದವು.

ಪೆಟ್ರೋಲ್ ಗಾಡಿಗೂ ಇದೇ ಕಷ್ಟ ಇತ್ತು. 1888ರಲ್ಲಿ ಬರ್ಥಾ ಬೆಂಜ್ ಎಂಬ ಹೆಣ್ಣುಮಗಳು ಗಂಡ ಕಂಡುಹಿಡಿದ ಕಾರಿನಲ್ಲಿ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ತವರೂರಿಗೆ ಹೊರಟರು. ದಾರಿಯಲ್ಲಿ ಇಂಧನ ಮುಗಿಯಿತು. ಬಂಕ್ ಅನ್ನುವುದೇ ಇರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ದ್ರಾವಣವನ್ನು ಕೊಂಡು ಸುರಿದುಕೊಂಡರು. ಬಂಕುಗಳು, ಒಳ್ಳೆಯ ರಸ್ತೆ, ಅಗ್ಗದ ಪೆಟ್ರೋಲ್ ಎಲ್ಲ ಆಮೇಲೆ ಒಂದೊಂದಾಗಿ ಬಂದವು. ಇನ್ನೊಂದು ಅಡ್ಡಿ ಉಳಿದಿತ್ತು. ಎಂಜಿನ್ನನ್ನು ಕೈಯಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಹೊಡೆದು ಕೈ ಮುರಿಯುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಸ್ಟಾರ್ಟರ್ ಅಂದರೆ ಏನು? ಒಂದು ಸಣ್ಣ ಎಲೆಕ್ಟ್ರಿಕ್ ಮೋಟರ್, ಒಂದು ಸೀಸದ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನ ಸಾಮಾನುಗಳೇ ಪೆಟ್ರೋಲ್ ಕಾರಿನೊಳಗೆ ಹೋಗಿ ಅದನ್ನು ಎಲ್ಲರೂ ಓಡಿಸುವ ಹಾಗೆ ಮಾಡಿದವು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನನಗೆ ಇನ್ನೂ ಇಷ್ಟ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಅಂತ ಪುಟ್ಟ ಎಲೆಕ್ಟ್ರಿಕ್ ಕಾರು ಬಂತು, ಚೇತನ್ ಮೈನಿ ಅವರ ಕಂಪನಿಯದು. ಅದರಲ್ಲೂ ಸೀಸದ ಬ್ಯಾಟರಿಯೇ. ಇಲ್ಲಿ ಜನ ಬೆರಗಾಗಿ ನೋಡಿದರು, ಕೊಂಡವರು ಕಡಿಮೆ. ಅದೇ ಕಾರು ಜಿ-ವಿಜ್ ಅನ್ನುವ ಹೆಸರಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿ 2003ರಿಂದ ನಗರದ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ ಇಷ್ಟು ಅಂತ ಶುಲ್ಕ ಕಟ್ಟಬೇಕಿತ್ತು, ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಇತ್ತು. ನೂರಾರು ಜನ ಕೊಂಡು ದಿನಾ ಆಫೀಸಿಗೆ ಓಡಿಸಿದರು. ಕಾರು ಒಂದೇ, ಬ್ಯಾಟರಿ ಒಂದೇ. ಸುತ್ತಲಿನ ಊರು ಬೇರೆಯಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2009ರಿಂದ ಈಚೆಗೆ ಏನು ಬದಲಾಯಿತು?

ಎಲ್ಲರೂ ಹೇಳುವುದು ಬ್ಯಾಟರಿ. ಸರಿ. ಲಿಥಿಯಂ ಬ್ಯಾಟರಿ ಅಂಗಡಿಗೆ ಬಂದದ್ದು 1991ರಲ್ಲಿ, ಜಪಾನಿನ ಸೋನಿ ಕಂಪನಿಯಿಂದ, ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಗಳಿಗಾಗಿ. ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಮೊಬೈಲ್. ನಿಮ್ಮ ನಾಲ್ಕು ಸೀಸದ ಬ್ಯಾಟರಿಗಳಲ್ಲಿದ್ದಷ್ಟು ಶಕ್ತಿಯನ್ನು ಲಿಥಿಯಂ ಬ್ಯಾಟರಿ ಏಳೆಂಟು ಕಿಲೋ ತೂಕದಲ್ಲಿ ಕೊಡುತ್ತದೆ. 2009ರಲ್ಲೂ ಕೊಡುತ್ತಿತ್ತು, ಆದರೆ ಬೆಲೆ ಕೈಗೆ ಎಟುಕುತ್ತಿರಲಿಲ್ಲ. 2010ರ ಸುಮಾರಿಗೆ ಒಂದು ಯೂನಿಟ್ ಕರೆಂಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಜಗತ್ತಿನ ಸರಾಸರಿ ಬೆಲೆ 1,000 ಡಾಲರಿಗೂ ಮೇಲೆ. 2024ಕ್ಕೆ ಅದು 115 ಡಾಲರ್ ಆಸುಪಾಸು. ಕೋಟಿಗಟ್ಟಲೆ ಜನ ಮೊಬೈಲ್ ಕೊಂಡಿದ್ದರಿಂದ ಕಾರ್ಖಾನೆಗಳು ಬೆಳೆದವು, ಕಾರು ಬಂದು ಅವನ್ನು ಇನ್ನೂ ದೊಡ್ಡದು ಮಾಡಿತು. ನೀವು ಮನೆಗೆ ತಂದ ಪ್ರತಿ ಮೊಬೈಲೂ ನಿಮ್ಮ ಮಗಳ ಸ್ಕೂಟರಿನ ಬೆಲೆಯನ್ನು ಒಂದು ಕೂದಲೆಳೆಯಷ್ಟು ಇಳಿಸಿದೆ.

ಬ್ಯಾಟರಿ ಒಂದೇ ಬದಲಾಗಿದ್ದರೆ ಸಾಲುತ್ತಿರಲಿಲ್ಲ. ಚಕ್ರದಲ್ಲೋ ಅದರ ಪಕ್ಕದಲ್ಲೋ ಕೂರುವ ಮೋಟರಿನಲ್ಲಿ ಈಗ ಸಣ್ಣ, ಬಲವಾದ ನಿಯೋಡಿಮಿಯಂ ಆಯಸ್ಕಾಂತ ಇರುತ್ತದೆ. ಅದು 1980ರ ದಶಕದಲ್ಲಿ ಹುಟ್ಟಿ, ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ದೊಡ್ಡ ಮಾರುಕಟ್ಟೆ ಕಂಡಿತು. ಒಂದೊಂದು ಸೆಲ್ಲಿನ ವೋಲ್ಟೇಜ್, ಬಿಸಿ ಎರಡನ್ನೂ ನೋಡುತ್ತಾ ಕೂರುವ ಸಣ್ಣ ಬೋರ್ಡ್ ಇದೆ, ಅದನ್ನು ಬಿಎಂಎಸ್ ಅಂತಾರೆ. ನಿಮ್ಮ ಹಳೆಯ ಗಾಡಿಯಲ್ಲಿ ಒಂದು ಬ್ಯಾಟರಿ ಸಾಯುತ್ತಿದ್ದಾಗ ಹೇಳುವವರೇ ಇರಲಿಲ್ಲ, ಈಗ ಅದು ತಾನೇ ಗಾಡಿಯನ್ನು ನಿಲ್ಲಿಸುತ್ತದೆ.

ನನ್ನ ಮಟ್ಟಿಗೆ ನಿಮ್ಮೂರಿನಲ್ಲಿ ಆದ ದೊಡ್ಡ ಬದಲಾವಣೆ ಕಂಬದ ಮೇಲಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದರು. ಯಾರೂ ಅದನ್ನು ಸ್ಕೂಟರಿಗಾಗಿ ಮಾಡಲಿಲ್ಲ. ಮಕ್ಕಳ ಓದು, ಮಿಕ್ಸಿ, ಟಿವಿ, ಹಿಟ್ಟಿನ ಗಿರಣಿ ಇವಕ್ಕಾಗಿ ಮಾಡಿದರು. ಆದರೆ ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿ ಬೆಳಿಗ್ಗೆ ತುಂಬಿರುತ್ತೆ ಅಂತ ನಂಬಿ ಮಲಗಬಹುದಾದ್ದು ಆ ಲೈನಿನಿಂದ. ಕ್ಯಾಮೆರಾಕ್ಕೆ ಅಂತ ಮಾಡಿದ ಬ್ಯಾಟರಿ, ಕಂಪ್ಯೂಟರಿಗೆ ಬಳಸಿದ ಆಯಸ್ಕಾಂತ, ಮನೆಯ ದೀಪಕ್ಕೆ ಎಳೆದ ಲೈನ್ ಎಲ್ಲ ಒಂದು ಕಡೆ ಸೇರಿದ ಮೇಲೆ, ನಿಮ್ಮ ಕೊಟ್ಟಿಗೆಯಲ್ಲಿರುವಂಥ ಗಾಡಿಯೇ ಈಗ ಬಳಕೆಗೆ ಬಂದಿದೆ.

ಆದ್ದರಿಂದ ‘ಎಲೆಕ್ಟ್ರಿಕ್ ಒಳ್ಳೆಯದಾ’ ಅಂತ ಕೇಳುವುದು ಬಿಡಿ. ಆ ಪ್ರಶ್ನೆಗೆ 2009ರಲ್ಲೂ ಹೌದು ಅಂತ ಉತ್ತರ ಬರುತ್ತಿತ್ತು. ಮಗಳ ಸುತ್ತ ಏನೇನಿದೆ ಅಂತ ನೋಡಿ. ನಿಮ್ಮ ಪತ್ರದಿಂದ ನನಗೆ ತಿಳಿದಷ್ಟು ಲೆಕ್ಕ ಹಾಕಿ ಹೇಳುತ್ತೇನೆ.

ದಿನಕ್ಕೆ 44 ಕಿಲೋಮೀಟರ್. ಈಗಿನ ಸ್ಕೂಟರ್ ಕಿಲೋಮೀಟರಿಗೆ 30 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್) ತಿಂದರೂ ಚಾರ್ಜರಿನ ನಷ್ಟ ಸೇರಿ ದಿನಕ್ಕೆ ಒಂದೂವರೆ ಯೂನಿಟ್. ತಿಂಗಳಿಗೆ 25 ದಿನ ಅಂದರೆ 38 ಯೂನಿಟ್, ಪೂರ್ತಿ ದರ ಕಟ್ಟಿದರೂ 300 ರೂಪಾಯಿಯೊಳಗೆ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ಟರೆ ದಿನಕ್ಕೆ ಒಂದು ಲೀಟರ್, ತಿಂಗಳಿಗೆ 2,500 ರೂಪಾಯಿಗೂ ಮೇಲೆ. ಅತಿಥಿ ಶಿಕ್ಷಕಿಯ ಸಂಬಳದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ, ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಉಚಿತ ಯೂನಿಟ್‌ಗಿಂತ ಜಾಸ್ತಿ ಆದದ್ದಕ್ಕೆ ಬಿಲ್ ಬರುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗ 60–80 ಯೂನಿಟ್ ಬಳಸುವ ಮನೆಯಾದರೆ ಚಿಂತೆ ಇಲ್ಲ. 170ರ ಹತ್ತಿರ ಇದ್ದರೆ ಯೋಚಿಸಿ.

ಪಕ್ಕದ ಮನೆಯವರು ಹೇಳಿದ್ದರಲ್ಲಿ ಸುಳ್ಳೂ ಇದೆ, ನಿಜವೂ ಇದೆ. ಮಳೆಯಲ್ಲಿ ಓಡಿಸಿದರೆ ಶಾಕ್ ಹೊಡೆಯುತ್ತೆ ಅನ್ನುವುದು ಸುಳ್ಳು. ಒಳ್ಳೆಯ ಕಂಪನಿಗಳ ಬ್ಯಾಟರಿ ಪೆಟ್ಟಿಗೆ ಐಪಿ67 ದರ್ಜೆಯದು, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ನೀರು ಒಳಗೆ ಹೋಗದ ಹಾಗೆ ಪರೀಕ್ಷೆ ಮಾಡಿರುತ್ತಾರೆ. ಹಾಗಂತ ತುಂಬಿ ಹರಿಯುವ ಹಳ್ಳದಲ್ಲಿ ಇಳಿಸಬೇಡಿ. ನಾನು ನೋಡಿದ ಶಾಕ್‌ಗಳೆಲ್ಲ ಗಾಡಿಯಿಂದ ಬಂದವಲ್ಲ, ಗೋಡೆಯಿಂದ ಬಂದವು. ಜಗುಲಿಯಲ್ಲಿ ಮಳೆ ಎರಚಲು ಬೀಳುವ ಕಡೆ ಎಕ್ಸ್‌ಟೆನ್ಷನ್ ಬೋರ್ಡ್, ಸತ್ತುಹೋದ ಅರ್ಥಿಂಗ್, ಸಡಿಲವಾದ ಸಾಕೆಟ್ಟು. ಗಾಡಿ ಕೊಳ್ಳುವ ಮೊದಲು ಒಬ್ಬ ಒಳ್ಳೆಯ ವೈರಿಂಗ್‌ನವರನ್ನು ಕರೆಸಿ ಅದಕ್ಕೇ ಬೇರೆ ವೈರ್ ಎಳೆಸಿ, 16 ಆಂಪಿಯರ್ ಸಾಕೆಟ್ಟು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಲು ಬಿಡಬೇಡಿ, ಆಗಾಗ ನೀರು ಹಾಕಿ. ಮೊದಲ ದಿನ ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಸಾಕೆಟ್ಟಿನ ಸ್ವಿಚ್ ಆರಿಸಿ, ಪ್ಲಗ್ಗಿನ ಹಿಂಭಾಗ ಮುಟ್ಟಿ ನೋಡಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಸಾಕೆಟ್ಟು ಹಿಡಿತ ಕಳೆದುಕೊಂಡಿದೆ ಅಂತ ಅರ್ಥ.

ಬೆಂಕಿಯ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿತು, ಜೀವಗಳೂ ಹೋದವು. ಕಳಪೆ ಸೆಲ್, ದುರ್ಬಲ ಬಿಎಂಎಸ್, ಬಿಸಿ ಹೊರಹೋಗಲು ದಾರಿ ಇಲ್ಲದ ಪೆಟ್ಟಿಗೆ ಇಂಥ ಲೋಪಗಳು ಹೊರಬಂದವು. ಆಮೇಲೆ ಎಐಎಸ್-156 ಅನ್ನುವ ಸುರಕ್ಷತಾ ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂದರು. ಆ ನಿಯಮ ಕೂಡ ‘ಸುತ್ತಲಿನ’ ಬದಲಾವಣೆಯೇ. ಅದಕ್ಕೂ ಹಿಂದಿನ ಗಾಡಿಯನ್ನು ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಈಗಿನ ಗಾಡಿಗೂ ಅಪಾಯ ಸೊನ್ನೆ ಅಂತ ನಾನು ಹೇಳಲಾರೆ. ಲಿಥಿಯಂಗೆ ಬೆಂಕಿ ಹತ್ತಿದರೆ ಆರಿಸುವುದು ಬಲು ಕಷ್ಟ. ನಿಮ್ಮದು ತೆಂಗಿನ ತೋಟದ ಮನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಕೊಬ್ಬರಿ ಅಟ್ಟದ ಕೆಳಗೆ, ಸಿಪ್ಪೆ, ಗರಿ ರಾಶಿ ಹಾಕಿದ ಕಡೆ ಚಾರ್ಜಿಗೆ ಇಡಲೇಬೇಡಿ. ಮನೆಯಿಂದ ಹೊರಬರುವ ಒಂದೇ ಬಾಗಿಲ ಬಳಿಯೂ ಬೇಡ. ನೆರಳಿರುವ, ಗಾಳಿಯಾಡುವ, ಮೂರು ಕಡೆ ತೆರೆದ ಶೀಟಿನ ಮಾಡು ಒಳ್ಳೆಯದು. ಬಿಸಿಲಲ್ಲಿ ಬಂದ ಗಾಡಿಯನ್ನು ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಪ್ಲಗ್ ಹಾಕಲಿ.

ಬ್ಯಾಟರಿ ಬದಲಿಸಿದರೆ ಅರ್ಧ ಬೆಲೆ ಅನ್ನುವುದು ಬಹುಪಾಲು ನಿಜ. 3 ಯೂನಿಟ್ ಹಿಡಿಯುವ ಬ್ಯಾಟರಿ ಪ್ಯಾಕ್‌ಗೆ ಇವತ್ತಿಗೂ 50 ಸಾವಿರ ದಾಟುತ್ತದೆ. ಆದರೆ ಯಾವಾಗ ಬದಲಿಸಬೇಕು ಅನ್ನುವುದರಲ್ಲಿ ನಿಮ್ಮ ಹಳೆಯ ಅನುಭವ ದಾರಿ ತಪ್ಪಿಸುತ್ತದೆ. ಲಿಥಿಯಂನ ಸಾಮಾನ್ಯ ಸೆಲ್ ಕೂಡ ಪೂರ್ತಿ ತುಂಬಿ ಖಾಲಿಯಾಗುವುದನ್ನು 800–1,000 ಸಲ ತಡೆಯುತ್ತದೆ, ಎಲ್‌ಎಫ್‌ಪಿ ಅನ್ನುವ ಬಗೆ 2,000 ಸಲಕ್ಕೂ ಹೆಚ್ಚು. ನಿಜವಾಗಿ 80 ಕಿಲೋಮೀಟರ್ ಕೊಡುವ ಬ್ಯಾಟರಿ 1,000 ಸಲಕ್ಕೆ 80,000 ಕಿಲೋಮೀಟರ್. ಶಾಲೆಯ ರಜೆಗಳನ್ನು ಕಳೆದರೆ ಮಗಳು ವರ್ಷಕ್ಕೆ ಓಡಿಸುವುದು 10,000 ಆಸುಪಾಸು. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷದ ವಾರಂಟಿ ಕೊಡುತ್ತಿವೆ, ಕೆಲವು ಅದಕ್ಕೆ ಬೇರೆ ದುಡ್ಡು ಕೇಳುತ್ತವೆ. ಕೊಡಿ, ದಂಡವಲ್ಲ. ವಾರಂಟಿ ಪತ್ರದಲ್ಲಿ ಶೇ 70ಕ್ಕಿಂತ ಕಡಿಮೆಯಾದರೆ ಬದಲಿಸುತ್ತೇವೆ ಅನ್ನುವ ಥರದ ಸಾಲು ಇದೆಯಾ ಅಂತ ಓದಿ ನೋಡಿ. ‘ಕೆಟ್ಟರೆ’ ಅಂತ ಮಾತ್ರ ಬರೆದಿದ್ದರೆ ಸಾಲದು. ನಿಮ್ಮ ಹಳೆಯ ಬ್ಯಾಟರಿ ಕೆಟ್ಟಿರಲಿಲ್ಲ, ಸೊರಗಿತ್ತು.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಹಳೆಯ ಗಾಡಿಗೆ ಲಿಥಿಯಂ ಹಾಕಿಸುವುದು ಬೇಡ. ಅಗ್ಗ ಅನ್ನಿಸುತ್ತದೆ, ಆದರೆ ಇದು ನನ್ನ ಶೆಡ್ಡಿನಲ್ಲಿ ಕಂಡ ಅತಿ ಅಪಾಯದ ಕೆಲಸ. 48 ವೋಲ್ಟಿನ ಸೀಸದ ಚಾರ್ಜರ್ 58–59 ವೋಲ್ಟ್‌ವರೆಗೆ ತಳ್ಳುತ್ತದೆ. ‘48 ವೋಲ್ಟ್’ ಅಂತಲೇ ಮಾರುವ 13 ಸೆಲ್ ಸಾಲಿನ ಲಿಥಿಯಂ ಪ್ಯಾಕ್ 54.6ಕ್ಕೇ ತುಂಬಿರುತ್ತದೆ. ಯಾರೋ ಮರೆತು ಹಳೆಯ ಚಾರ್ಜರ್ ಚುಚ್ಚಿದ ರಾತ್ರಿ, ಅಗ್ಗದ ಬಿಎಂಎಸ್ ಕೈಕೊಟ್ಟರೆ ತಡೆಯುವವರಿಲ್ಲ. ಜೊತೆಗೆ 2009ರ ಬ್ರೇಕು, ವೈರು, ಫ್ರೇಮು. 25 ಕಿಲೋಮೀಟರ್ ವೇಗದ ಗಾಡಿಯಲ್ಲಿ ಹೆಣ್ಣುಮಗು ಲಾರಿಗಳ ನಡುವೆ 22 ಕಿಲೋಮೀಟರ್ ಹೋಗಬಾರದು. ಅದೇ ಕಾರಣಕ್ಕೆ ಈಗ ಹೊಸದಾಗಿ ಸಿಗುವ ಲೈಸೆನ್ಸ್ ಬೇಡದ ಕಡಿಮೆ ವೇಗದ ಸ್ಕೂಟರೂ ಬೇಡ. ಅವು ಊರೊಳಗಿನ ಅಂಗಡಿ-ಡೇರಿ ಓಡಾಟಕ್ಕೆ ಸರಿ.

ಎರಡು ವರ್ಷ ಕಾಯುವ ಮಾತು. ಮಗ ಹೇಳುವುದು ಬಹುಶಃ ಸೋಡಿಯಂ ಬ್ಯಾಟರಿಯೋ ಒಳಗೆ ದ್ರವದ ಬದಲು ಗಟ್ಟಿ ಪದಾರ್ಥ ಇರುವ ಸಾಲಿಡ್ ಸ್ಟೇಟ್ ಬ್ಯಾಟರಿಯೋ ಇರಬೇಕು. ಎರಡೂ ನಿಜವಾದ ಕೆಲಸಗಳೇ. ಸೋಡಿಯಂ ಅಗ್ಗದ ಕಚ್ಚಾವಸ್ತು, ಆದರೆ ಅಷ್ಟೇ ಶಕ್ತಿಗೆ ತೂಕ ಜಾಸ್ತಿ. ಸಾಲಿಡ್ ಸ್ಟೇಟ್ ಇನ್ನೂ ದುಬಾರಿ, ಬಂದರೆ ಮೊದಲು ದೊಡ್ಡ ಕಾರಿಗೆ ಬರಬಹುದು. ಬಂದ ದಿನವೇ ಅವಕ್ಕೆ ಬೇಕಾದ ಚಾರ್ಜರ್, ರಿಪೇರಿಯವರು ತಿಪಟೂರಿಗೆ ಬಂದಿರುವುದಿಲ್ಲ. ನೀವು 2009ರಲ್ಲಿ ಹೊಸದರ ಮೊದಲ ಸಾಲಿನಲ್ಲಿ ನಿಂತು ಪೆಟ್ಟು ತಿಂದಿರಿ. ಮತ್ತೆ ಅದೇ ಸಾಲಿಗೆ ಯಾಕೆ? ಕಾದಷ್ಟೂ ತಿಂಗಳಿಗೆ 2,000 ರೂಪಾಯಿ ಹೆಚ್ಚಿಗೆ ಪೆಟ್ರೋಲಿಗೋ, ಸಮಯ ಬಸ್ಸಿಗೋ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದು, ಆದರೆ ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ತೆಗೆಸಿ, ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆ ಅಂತ ಬರೆಸಿಕೊಂಡ ಮೇಲೆ. ಬ್ಯಾಟರಿ ಬಾಡಿಗೆಯ ಯೋಜನೆಗಳೂ ಇವೆ. ಗಾಡಿ ಬೆಲೆ ಇಳಿಯುತ್ತದೆ, ಆದರೆ ಬೇಸಿಗೆ ರಜೆಯಲ್ಲಿ ಗಾಡಿ ನಿಂತಿದ್ದರೂ ಬಾಡಿಗೆ ಓಡುತ್ತಿರಬಹುದು. ಶಿಕ್ಷಕಿಗೆ ಅದು ಹೊಂದುವುದು ಅನುಮಾನ.

ನನ್ನ ಸಲಹೆ: 3 ಯೂನಿಟ್ ಆಸುಪಾಸಿನ ಬ್ಯಾಟರಿ ಇರುವ, ನಿಜವಾಗಿ 80 ಕಿಲೋಮೀಟರ್ ಓಡುವ ಹೊಸ ಗಾಡಿ. ನಿಜವಾಗಿ ಅಂದೆ. ಕಂಪನಿ ಹೇಳುವ ಅಂಕಿಯನ್ನು ನಂಬದೆ, ಅದೇ ಮಾದರಿ ಇರುವ ಮೂವರನ್ನು ಹುಡುಕಿ ಕೇಳಿ. ದಿನದ ಓಡಾಟದ ಎರಡರಷ್ಟು ಹತ್ತಿರ ಇರಲಿ ಅನ್ನುವುದಕ್ಕೆ ಕಾರಣ ಇದೆ. 8 ವರ್ಷದ ನಂತರ ಶೇ 70ಕ್ಕೆ ಇಳಿದರೂ 56 ಕಿಲೋಮೀಟರ್ ಉಳಿಯುತ್ತದೆ, ಮಗಳಿಗೆ ಬೇಕಾದದ್ದು 44. ಶಾಲೆಯಲ್ಲಿ ಚಾರ್ಜ್ ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ.

ಮಾದರಿ ಆರಿಸುವಾಗ ಎಲ್ಲಕ್ಕಿಂತ ಮುಂದೆ ನಾನು ಇಡುವುದು ವರ್ಕ್‌ಶಾಪ್ ಎಷ್ಟು ಹತ್ತಿರ ಅನ್ನುವುದನ್ನು. ನಿಮ್ಮೂರಿನ ಸುತ್ತ ಇನ್ನೂ ಪೂರ್ತಿ ಬಂದಿಲ್ಲದ್ದು ಅದೊಂದೇ. ಶೋರೂಮ್ ತೋರಿಸಿ ಸರ್ವಿಸ್ ಇದೆ ಅಂತಾರೆ. ಒಂದು ಕೆಲಸದ ದಿನ ಹೋಗಿ, ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಗಾಡಿಗಳ ಮೇಲೆ ಧೂಳು ಎಷ್ಟಿದೆ ನೋಡಿ. ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುತ್ತಿರುವ ಗಾಡಿಗಳಿದ್ದರೆ ಅಲ್ಲೇ ತಿಳಿಯುತ್ತದೆ. ಅಲ್ಲಿ ಬಂದಿರುವ ಇಬ್ಬರು ಗ್ರಾಹಕರನ್ನು ಮಾತಾಡಿಸಿ. ಈಗಿನ ಗಾಡಿ ಅರ್ಧ ಕಂಪ್ಯೂಟರ್ ಇದ್ದ ಹಾಗೆ, ಕಂಪನಿ ಬಾಗಿಲು ಹಾಕಿದರೆ ಬೀದಿಯ ಮೆಕ್ಯಾನಿಕ್ ಬೀಗ ತೆಗೆಯಲಾರ. ಹಾಗಾಗಿ ಪರದೆ ದೊಡ್ಡದಿರುವ, 20 ಕಿಲೋಮೀಟರ್ ಜಾಸ್ತಿ ಓಡುವ ಗಾಡಿಯ ಸರ್ವಿಸ್ ಸೆಂಟರ್ ತುಮಕೂರಿನಲ್ಲಿ ಮಾತ್ರ ಇದ್ದು, ಸ್ವಲ್ಪ ಕಡಿಮೆ ಓಡುವುದರದ್ದು ತಿಪಟೂರಿನಲ್ಲೇ ಇದ್ದರೆ, ನಾನು ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಎರಡೂ ಇಲ್ಲದಿದ್ದರೆ, ಬೇಜಾರಿಲ್ಲದೆ ಪೆಟ್ರೋಲ್ ಸ್ಕೂಟರ್ ತನ್ನಿ. ನಿಮ್ಮೂರಿಗೆ ಇನ್ನೊಂದೆರಡು ವರ್ಷ ಬೇಕು ಅಂತ ಅರ್ಥ.

ಗಾಡಿ ಬಂದ ಮೇಲೆ ಮಗಳಿಗೆ ಒಂದು ಮಾತು ಹೇಳಿ. ದಿನಾ 100ಕ್ಕೆ ತುಂಬಿಸಿ ಬೆಳಗಿನವರೆಗೆ ಬಿಡುವ ಬದಲು 80–90ಕ್ಕೆ ನಿಲ್ಲಿಸಿದರೆ ಬ್ಯಾಟರಿ ಜಾಸ್ತಿ ಬಾಳುತ್ತದೆ. ಕಂಪನಿಯ ಪುಸ್ತಕದಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ಪೂರ್ತಿ ತುಂಬಿಸಿ ಅಂತ ಇದ್ದರೆ ಹಾಗೇ ಮಾಡಲಿ. ರಜೆಯಲ್ಲಿ ಗಾಡಿ ನಿಲ್ಲಿಸುವುದಾದರೆ ಅರ್ಧ ಚಾರ್ಜಿನಲ್ಲಿ ನೆರಳಿನಲ್ಲಿಡಲಿ.

ಕೊಟ್ಟಿಗೆಯ ಗಾಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರೊಳಗಿನ ಬ್ಯಾಟರಿಗಳು ಒಡೆದು ಆಸಿಡ್ ಸೋರಿರಬಹುದು, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳು ಹತ್ತಿರ ಹೋಗದಿರಲಿ. ಗುಜರಿಯವರು ಬಂದು ತೋಟದಲ್ಲೇ ಒಡೆದು ಸೀಸ ತೆಗೆದುಕೊಂಡು ಹೋಗುತ್ತೇವೆ ಅಂದರೆ ಬಿಡಬೇಡಿ. ಆ ಸೀಸ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಕೋಳಿಗಳು ಕೆದಕುವುದೂ ಅಲ್ಲೇ. ಹೊಸ ಬ್ಯಾಟರಿ ಮಾರುವ ಅಂಗಡಿಗೆ ಹಾಗೇ ಇಡಿಯಾಗಿ ಕೊಟ್ಟರೆ ತೂಕದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಹೊಸ ಸಾಕೆಟ್ಟಿನ ಖರ್ಚು ಅದರಲ್ಲೇ ಹುಟ್ಟಬಹುದು.